ಸಂಬಳದ ಕೆಲಸ, ಹಂಬಲದ ಕೆಲಸ



ಶಿಡ್ಲಘಟ್ಟದ ಕಡೆಯ ಯಾವುದಾದರೂ ರೇಷ್ಮೆ ಬೆಳೆಗಾರರ ಮನೆಗೆ ಹೋಗಿ ನೋಡಿ. ಮೊಟ್ಟೆಯೊಡೆದ ಹುಳು ಗೂಡು ಕಟ್ಟುವ ತನಕ ನಾಲ್ಕು ವಾರದ ಆಸುಪಾಸು. ಆ ನಾಲ್ಕು ವಾರ ಮನೆಮಂದಿಗೆ ಹಗಲು ರಾತ್ರಿಯ ಭೇದವಿರುವುದಿಲ್ಲ. ಹೊತ್ತಿಗೆ ಸರಿಯಾಗಿ ಸೊಪ್ಪು ಹಾಕಬೇಕು, ಕಸ ತೆಗೆಯಬೇಕು, ಗಾಳಿ ತೇವ ನೋಡಿಕೊಳ್ಳಬೇಕು. ಗೂಡು ಮಾರುಕಟ್ಟೆಗೆ ಹೋದರೆ ಕೈಗೆ ದುಡ್ಡು. ಆದರೆ ಹುಳು ತಿನ್ನುವ ಸೊಪ್ಪು ಹಿಪ್ಪುನೇರಳೆ ತೋಟದಿಂದ ಬರಬೇಕಷ್ಟೆ. ಆ ತೋಟ ನೆಟ್ಟ ತಿಂಗಳಲ್ಲಿ ಯಾರಿಗೂ ಕಾಸು ಕೊಡುವುದಿಲ್ಲ. ಚೆನ್ನಾಗಿ ಆರೈಕೆ ಮಾಡಿದರೆ ಮಾತ್ರ ಹತ್ತು ಹದಿನೈದು ವರ್ಷ ಸೊಪ್ಪು ಕೊಡುತ್ತದೆ. ಹುಳುವಿನ ಅವಸರದಲ್ಲಿ ತೋಟವನ್ನು ಮರೆತವನಿಗೆ ಮುಂದಿನ ಬೆಳೆಯಿಲ್ಲ. ತೋಟವನ್ನೇ ನೋಡುತ್ತ ಕುಳಿತವನಿಗೆ ಈ ತಿಂಗಳ ರಾಗಿಯಿಲ್ಲ.

ನಾನು ರೇಷ್ಮೆಯ ಪಾಠ ಹೇಳಲು ಹೊರಟಿಲ್ಲ. ಚಿಕ್ಕಬಳ್ಳಾಪುರ, ಚಿಂತಾಮಣಿ, ಗೌರಿಬಿದನೂರಿನ ಕಾಲೇಜುಗಳಲ್ಲಿ ಓದುತ್ತಿರುವ ನಿಮ್ಮಲ್ಲಿ ಹಲವರು ನಾಳೆ ಗಣಕದ ಮುಂದೆ ಕುಳಿತು ಅನ್ನ ಸಂಪಾದಿಸುವವರು. ಅವರಲ್ಲಿ ಕೆಲವರಾದರೂ ಕಂಪನಿಯ ನೌಕರಿ ಬಿಟ್ಟು ಸ್ವತಂತ್ರ ಸಲಹೆಗಾರರಾಗುವಿರಿ. ಆಗ ಈ ತೋಟ ಮತ್ತು ಹುಳುವಿನ ಲೆಕ್ಕ ನಿಮ್ಮ ಮೇಜಿನ ಮೇಲೆಯೇ ಬಂದು ಕೂರುತ್ತದೆ. ಒಂದು ಕಡೆ ಗಿರಾಕಿ ಕೊಟ್ಟ ಕೆಲಸ. ಅದಕ್ಕೆ ಗಡುವು ಉಂಟು, ಹಣ ಉಂಟು. ಇನ್ನೊಂದು ಕಡೆ ನೀವೇ ಮನಸಾರೆ ಕೈಗೆತ್ತಿಕೊಂಡ ತಂತ್ರಾಂಶ. ಅದನ್ನು ಯಾರೂ ಕೇಳಿಲ್ಲ, ಯಾರೂ ಹಣ ಕೊಡುವುದಿಲ್ಲ, ಐದು ವರ್ಷವಾದರೂ ಮುಗಿಯುವುದಿಲ್ಲ. ಎರಡನ್ನೂ ಒಬ್ಬನೇ ಮನುಷ್ಯ ಹೇಗೆ ನಡೆಸುವುದು?

ಈ ಪ್ರಶ್ನೆ ಗಣಕಯಂತ್ರದೊಡನೆ ಹುಟ್ಟಿದ್ದಲ್ಲ. ಅದಕ್ಕೆ ನಮ್ಮ ಜಿಲ್ಲೆಯಲ್ಲೇ ಒಂದು ಹಳೆಯ ಚರಿತ್ರೆಯಿದೆ. ಕನ್ನಡ ಅಕ್ಷರಗಳು ಗಣಕದೊಳಗೆ ಹೋದ ಹೊಸ ಚರಿತ್ರೆಯೂ ಇದೇ ಪ್ರಶ್ನೆಯ ಸುತ್ತ ನಡೆದದ್ದು. ಹಳೆಯದನ್ನು ಮೊದಲು ನೋಡೋಣ.

ಚಿಕ್ಕಬಳ್ಳಾಪುರದಿಂದ ನಂದಿಬೆಟ್ಟದ ಸೀಮೆಗೆ ಹೋದರೆ ಮುದ್ದೇನಹಳ್ಳಿ ಸಿಕ್ಕುತ್ತದೆ. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಊರು. ಶಾಲೆಯ ಪುಸ್ತಕಗಳಲ್ಲಿ ಅವರನ್ನು ಕನ್ನಂಬಾಡಿ ಕಟ್ಟೆಯ ಮೇಲೆ, ದಿವಾನಗಿರಿಯ ಪೇಟದಲ್ಲಿ ನಿಲ್ಲಿಸಿಬಿಡುತ್ತಾರೆ. ಅದು ಸರಿಯೇ. ಆದರೆ ದಿವಾನರಾದದ್ದು ಆರು ವರ್ಷ ಮಾತ್ರ, 1912ರಿಂದ 1918ರವರೆಗೆ. ಅವರ ದೀರ್ಘ ಬದುಕಿನ ಬಹುಭಾಗ ಹೋದದ್ದು ಸಲಹೆಗಾರ ಎಂಜಿನಿಯರಾಗಿ: ಇವತ್ತು ಹೈದರಾಬಾದು, ನಾಳೆ ಮುಂಬಯಿ, ಆಚೆ ನಾಡಿದ್ದು ಒರಿಸ್ಸಾ. ಈ ಮುಖವನ್ನು ವಿದ್ಯಾರ್ಥಿಗಳಿಗೆ ಯಾರೂ ಅಷ್ಟಾಗಿ ತೋರಿಸುವುದಿಲ್ಲ.

ಹುಡುಗನಾಗಿದ್ದಾಗಲೇ ತಂದೆಯನ್ನು ಕಳೆದುಕೊಂಡ ವಿಶ್ವೇಶ್ವರಯ್ಯ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮನೆಪಾಠ ಹೇಳಿ ಖರ್ಚು ತೂಗಿಸಿದರು. 1881ರಲ್ಲಿ ಬಿ.ಎ. ಮುಗಿಸಿ, ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಪುಣೆಗೆ ಹೋಗಿ ಎಂಜಿನಿಯರಿಂಗ್ ಓದಿದರು. 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದರು. ಮುಂದೆ ಸುಮಾರು ಇಪ್ಪತ್ತನಾಲ್ಕು ವರ್ಷ ಸಂಬಳದ ಕೆಲಸ. ಸಕ್ಕರ್ ಊರಿಗೆ ಕುಡಿಯುವ ನೀರು, ಏಡನ್ ಊರಿಗೆ ನೀರಿನ ಯೋಜನೆ, ಪುಣೆಯ ಸುತ್ತಮುತ್ತ ನೀರಾವರಿ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಪುಣೆಯ ಹತ್ತಿರದ ಖಡಕ್‌ವಾಸಲಾ ಜಲಾಶಯದಲ್ಲಿ ಮಳೆಗಾಲದ ಹೆಚ್ಚುವರಿ ನೀರು ಸುಮ್ಮನೆ ಹರಿದುಹೋಗುತ್ತಿತ್ತು. ಕಟ್ಟೆಯನ್ನೇ ಎತ್ತರಿಸಲು ಹೋದರೆ ಬಹಳ ಖರ್ಚು. ವಿಶ್ವೇಶ್ವರಯ್ಯನವರು ನೀರಿನ ಮಟ್ಟ ಒಂದು ಮಿತಿ ಮೀರಿದಾಗ ತಾನಾಗಿ ತೆರೆದುಕೊಂಡು, ಇಳಿದಾಗ ತಾನಾಗಿ ಮುಚ್ಚಿಕೊಳ್ಳುವ ಬಾಗಿಲನ್ನು ರೂಪಿಸಿದರು. 1903ರಲ್ಲಿ ಅವು ಅಲ್ಲಿ ಬಂದವು. ಆಮೇಲೆ ಗ್ವಾಲಿಯರ್ ಬಳಿಯ ತಿಗ್ರಾ ಕಟ್ಟೆಗೂ ನಮ್ಮ ಕೃಷ್ಣರಾಜಸಾಗರಕ್ಕೂ ಅದೇ ಬಗೆಯ ಬಾಗಿಲು ಬಂದವು. ಸಂಬಳದ ಕೆಲಸ ತಂದೊಡ್ಡಿದ ಒಂದು ತೊಡಕಿನಿಂದ ಹಲವು ದಶಕ ಬಾಳುವ ಒಂದು ಉಪಾಯ ಹುಟ್ಟಿತು. ಖಡಕ್‌ವಾಸಲಾ ಇಲ್ಲದಿದ್ದರೆ ಆ ಬಾಗಿಲು ಕಾಗದದ ಮೇಲೂ ಬರುತ್ತಿರಲಿಲ್ಲ. ಸಂಬಳದ ಕೆಲಸವೆಲ್ಲ ಹಂಬಲದ ಕೆಲಸಕ್ಕೆ ಶತ್ರು ಎಂದು ಹೇಳುವವರು ಇದನ್ನು ಮರೆಯುತ್ತಾರೆ.

1908ರಲ್ಲಿ ಅವರು ಆ ನೌಕರಿ ಬಿಟ್ಟರು. ಮುಖ್ಯ ಎಂಜಿನಿಯರ್ ಹುದ್ದೆ ಆಗ ಭಾರತೀಯನಿಗೆ ದೂರದ ಮಾತು. ಪೂರ್ಣ ಸೇವೆಗೆ ಇನ್ನೂ ಸ್ವಲ್ಪ ಕಾಲ ಉಳಿದಿದ್ದರೂ ಮುಂಬಯಿ ಸರ್ಕಾರ ಅವರಿಗೆ ನಿವೃತ್ತಿವೇತನ ಕೊಟ್ಟಿತು. ಈ ನಿವೃತ್ತಿವೇತನದ ಮಾತನ್ನು ಜೀವನಚರಿತ್ರೆಕಾರರು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ನನಗನ್ನಿಸುವಂತೆ ಅವರ ಮುಂದಿನ ಸ್ವಾತಂತ್ರ್ಯಕ್ಕೆ ಅದೇ ಬುನಾದಿ. ತಿಂಗಳ ಅಕ್ಕಿಯ ಚಿಂತೆ ಇಲ್ಲದವನು ಯಾವ ಕೆಲಸ ಒಪ್ಪಬೇಕು, ಯಾವುದನ್ನು ಬಿಡಬೇಕು ಎಂದು ತಾನೇ ತೀರ್ಮಾನಿಸಬಲ್ಲ.

ಅದೇ ವರ್ಷ ಸೆಪ್ಟೆಂಬರ್ 28ರಂದು ಹೈದರಾಬಾದಿನ ಮೂಸಿ ನದಿ ಉಕ್ಕಿ ಸಾವಿರಾರು ಜನರನ್ನು ಬಲಿತೆಗೆದುಕೊಂಡಿತು. ವಿದೇಶ ಪ್ರವಾಸದಲ್ಲಿದ್ದ ವಿಶ್ವೇಶ್ವರಯ್ಯನವರಿಗೆ ನಿಜಾಮರ ಸರ್ಕಾರದಿಂದ ಕರೆ ಹೋಯಿತು. 1909ರ ಏಪ್ರಿಲ್‌ನಲ್ಲಿ ಅವರು ಸಲಹೆಗಾರ ಎಂಜಿನಿಯರಾಗಿ ಅಲ್ಲಿ ಕೆಲಸ ಆರಂಭಿಸಿದರು. ಕೆರೆಗಳ ಸೀಮೆಯವರಾದ ನಿಮಗೆ ಅವರು ಅಲ್ಲಿ ಕಂಡದ್ದು ಚೆನ್ನಾಗಿ ಅರ್ಥವಾಗುತ್ತದೆ. ನಗರದ ಮೇಲ್ಭಾಗದ ಜಲಾನಯನದಲ್ಲಿ ಸುಮಾರು 800 ಕೆರೆಗಳು. ಅವುಗಳಲ್ಲಿ 200ಕ್ಕೂ ಹೆಚ್ಚು ಆ ಮಳೆಯಲ್ಲಿ ಒಡೆದಿದ್ದವು. ಮೇಲಿನ ಕೆರೆ ಒಡೆದ ನೀರು ಕೆಳಗಿನ ಕೆರೆಯ ಏರಿಯನ್ನು ಕೊಚ್ಚುತ್ತದೆ, ಅದರ ನೀರು ಅದಕ್ಕೂ ಕೆಳಗಿನದನ್ನು. ಸರಣಿ ಕೆರೆಗಳ ನಾಡಿನಲ್ಲಿ ಹುಟ್ಟಿದವರ ಕಣ್ಣಿಗೆ ಇದು ಬೇಗ ಹೊಳೆದಿರಬೇಕು.

ಕೆಲವೇ ತಿಂಗಳಲ್ಲಿ ವರದಿ ಸಿದ್ಧವಾಯಿತು. ಸಲಹೆಗಾರನ ಸಂಬಳದ ಕೆಲಸ ಅಲ್ಲಿಗೆ ಮುಗಿಯಿತು. ಅದೇ ನವೆಂಬರ್‌ನಲ್ಲಿ ಅವರು ಮೈಸೂರಿಗೆ ಮುಖ್ಯ ಎಂಜಿನಿಯರಾಗಿ ಬಂದರು. ಆದರೆ ವರದಿಯಲ್ಲಿ ಹೇಳಿದ ಪ್ರವಾಹ ತಡೆಯುವ ಜಲಾಶಯಗಳು? ಮೂಸಿಗೆ ಅಡ್ಡಲಾಗಿ ಉಸ್ಮಾನ್ ಸಾಗರ ಮುಗಿದದ್ದು 1920ರಲ್ಲಿ. ಈಸಿ ನದಿಯ ಹಿಮಾಯತ್ ಸಾಗರ 1927ರಲ್ಲಿ. ವರದಿ ಬರೆಯಲು ಆರು ತಿಂಗಳಾದರೆ ಅದು ನೀರಾಗಲು ಹದಿನೆಂಟು ವರ್ಷ. ಅವರು ಮಧ್ಯೆ ಮಧ್ಯೆ ಹೈದರಾಬಾದಿಗೆ ಮತ್ತೆ ಹೋಗಿ ನಗರದ ಒಳಚರಂಡಿಯ ಬಗ್ಗೆ ಸಲಹೆ ಕೊಟ್ಟರು. ಒಮ್ಮೆ ಹಿಡಿದ ಕೆಲಸದ ಎಳೆಯನ್ನು ಹಣದ ಒಪ್ಪಂದ ಮುಗಿದ ದಿನವೇ ಅವರು ಕತ್ತರಿಸಿಕೊಳ್ಳಲಿಲ್ಲ.

ಮೈಸೂರಿಗೆ ಬರುವ ಮುನ್ನ ಅವರು ಮಾಡಿದ ಒಂದು ಕೆಲಸ ನಿಮಗೆ ನೇರವಾಗಿ ಉಪಯೋಗಕ್ಕೆ ಬರುವಂಥದು. ದಿವಾನರು ಹುದ್ದೆ ಕೊಡುತ್ತೇವೆಂದಾಗ ತಕ್ಷಣ ಒಪ್ಪಲಿಲ್ಲ. ಕೈಗಾರಿಕೆ ಮತ್ತು ತಾಂತ್ರಿಕ ಶಿಕ್ಷಣಕ್ಕೆ ಸಂಸ್ಥಾನ ಕೈಹಾಕುವುದೇ, ನನಗೆ ಅದರಲ್ಲಿ ಅವಕಾಶವುಂಟೇ ಎಂದು ಮೊದಲು ವಿಚಾರಿಸಿದರು. ಸಂಬಳ ಎಷ್ಟು ಎಂದು ಕೇಳುವ ಮುನ್ನ ನನ್ನ ಹಂಬಲಕ್ಕೆ ಜಾಗವೆಷ್ಟು ಎಂದು ಕೇಳಿದರು ಎನ್ನಬಹುದು. ಎಲ್ಲರಿಗೂ ಹೀಗೆ ಕೇಳುವ ಬಲ ಇರುವುದಿಲ್ಲ. ಅವರಿಗಿತ್ತು, ಯಾಕೆಂದು ಮೇಲೆ ಹೇಳಿದ್ದೇನೆ.

ದಿವಾನಗಿರಿ ಬಿಟ್ಟ ಮೇಲೆ ಅವರ ಬದುಕು ಪೂರ್ತಿಯಾಗಿ ಸಲಹೆಗಾರನದು. ಮುಂಬಯಿ, ಕರಾಚಿ ನಗರಸಭೆಗಳ ವ್ಯವಹಾರ ನೋಡಿದರು. 1923ರಿಂದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಹೊಣೆ ಹೊತ್ತು ಅದನ್ನು ನಷ್ಟದಿಂದ ಮೇಲೆತ್ತಿದರು. ಅಲ್ಲಿ ತಮಗೆ ಸಲ್ಲಬೇಕಾಗಿದ್ದ ಹಣವನ್ನು ಒಂದು ವೃತ್ತಿಶಿಕ್ಷಣ ಸಂಸ್ಥೆಗೆ ಬಳಸಬೇಕೆಂದರು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನ ಮೂಲ ಅದು. ಈ ನಡುವೆಯೇ ಯಾರೂ ಹಣ ಕೊಡದ ಕೆಲಸವೂ ನಡೆದಿತ್ತು. 1920ರಲ್ಲಿ ಭಾರತದ ಪುನರ್ರಚನೆಯ ಬಗ್ಗೆ, 1934ರಲ್ಲಿ ಯೋಜಿತ ಆರ್ಥಿಕ ವ್ಯವಸ್ಥೆಯ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. 1935ರಲ್ಲಿ ಯೂರೋಪು, ಅಮೆರಿಕ ಸುತ್ತಿ ಭಾರತದಲ್ಲಿ ಮೋಟಾರು ಕಾರ್ಖಾನೆ ತೆರೆಯುವ ಯೋಜನೆ ತಯಾರಿಸಿದರು. ಅಂದಿನ ಭಾರತ ಸರ್ಕಾರ ಅದಕ್ಕೆ ಆಸರೆಯಾಗಲಿಲ್ಲ. ಬೆಂಗಳೂರಿನಲ್ಲಿ ಆ ಕಾರ್ಖಾನೆ ಬರಲೂ ಇಲ್ಲ. ಅವರೊಡನೆ ಆ ಯೋಜನೆಯಲ್ಲಿ ಕೈಜೋಡಿಸಿದ್ದ ವಾಲ್‌ಚಂದ್ ಹೀರಾಚಂದರು 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಆರಂಭಿಸಿದರು. ಹಂಬಲದ ಕೆಲಸ ಎಲ್ಲಿ ಮೊಳಕೆಯೊಡೆಯುತ್ತದೆಂದು ಬಿತ್ತಿದವನಿಗೂ ತಿಳಿದಿರುವುದಿಲ್ಲ.

ವಿಶ್ವೇಶ್ವರಯ್ಯನವರ ಎರಡು ಮೇಣದ ಬತ್ತಿಗಳ ಕತೆ ನೀವು ಕೇಳಿರುತ್ತೀರಿ. ಸರ್ಕಾರಿ ಕಡತ ನೋಡುವಾಗ ಸರ್ಕಾರದ ಬತ್ತಿ, ಸ್ವಂತ ಕಾಗದ ಬರೆಯುವಾಗ ಸ್ವಂತ ಬತ್ತಿ. ನಿಜವಾಗಿ ನಡೆದದ್ದೋ ಜನ ಕಟ್ಟಿದ್ದೋ, ನಾನು ಪಂಚಾಯಿತಿಗೆ ಕೂರುವುದಿಲ್ಲ. ಪ್ರಾಮಾಣಿಕತೆಯ ಪಾಠವೆಂದು ಅದನ್ನು ಹೇಳುತ್ತಾರೆ. ಲೆಕ್ಕದ ಪಾಠವೆಂದೂ ಅದನ್ನು ಓದಬಹುದು: ಗಿರಾಕಿಯ ಹೊತ್ತು ಬೇರೆ, ನನ್ನ ಹೊತ್ತು ಬೇರೆ. ಎರಡು ಬೆರೆತರೆ ಇಬ್ಬರಿಗೂ ಮೋಸ. ಇವತ್ತಿನ ತಂತ್ರಾಂಶ ಸಲಹೆಗಾರನ ಒಪ್ಪಂದದಲ್ಲಿ, ಗಿರಾಕಿಯ ಹೊತ್ತಿನಲ್ಲಿ ಬರೆದ ಸಾಲುಗಳು ಗಿರಾಕಿಗೇ ಸೇರಿದವು ಎಂಬ ಷರತ್ತು ಸಾಮಾನ್ಯ. ಹಾಗಾಗಿ ಯಾವ ಬತ್ತಿಯ ಬೆಳಕಿನಲ್ಲಿ ಯಾವ ಸಾಲು ಬರೆದೆ ಎಂದು ಗುರುತಿಟ್ಟುಕೊಳ್ಳದವನಿಗೆ ಮುಂದೆ ತನ್ನ ಸ್ವಂತ ಕೃತಿಯೇ ತನ್ನದಲ್ಲದಂತಾದೀತು.

ಈಗ ಹೊಸ ಚರಿತ್ರೆಗೆ ಬರೋಣ. ವಿಶ್ವೇಶ್ವರಯ್ಯನವರ ಹೆಸರಿನ ತಾಂತ್ರಿಕ ವಿಶ್ವವಿದ್ಯಾಲಯ ಬೆಳಗಾವಿಯಲ್ಲಿ ಸ್ಥಾಪನೆಯಾದದ್ದು 1998ರಲ್ಲಿ. ಅದರ ಒಂದು ಸ್ನಾತಕೋತ್ತರ ಕೇಂದ್ರ ಮುದ್ದೇನಹಳ್ಳಿಯಲ್ಲೇ ಇದೆ. ಅದೇ 1998ರಲ್ಲಿ ಅಮೆರಿಕದಲ್ಲಿ ತಂತ್ರಾಂಶದ ನೌಕರಿಯಲ್ಲಿದ್ದ ಶೇಷಾದ್ರಿವಾಸು ಚಂದ್ರಶೇಖರನ್ ಎಂಬ ಕನ್ನಡಿಗರು ‘ಬರಹ’ ಎಂಬ ತಂತ್ರಾಂಶವನ್ನು ಹೊರತಂದರು. ನೌಕರಿಯ ನಂತರದ ಬಿಡುವಿನಲ್ಲಿ ಬರೆದದ್ದು, ಜನರಿಗೆ ಉಚಿತ. ಪರ ಊರುಗಳಲ್ಲಿದ್ದ ಸಾವಿರಾರು ಕನ್ನಡಿಗರು ಗಣಕದಲ್ಲಿ ಮೊದಲ ಬಾರಿಗೆ ಕನ್ನಡದ ಕಾಗದ ಬರೆದದ್ದು ಅದರಿಂದ.

ಅದಕ್ಕೂ ಹಿಂದಿನವರು ಕೆ.ಪಿ. ರಾವ್. ಮಂಗಳೂರಿನ ಬಳಿಯ ಕಿನ್ನಿಕಂಬಳದವರು. ಅವರ ಅನ್ನದ ಕೆಲಸ ಮುದ್ರಣ ಜಗತ್ತಿನದು: ಟಾಟಾ ಪ್ರೆಸ್, ಆಮೇಲೆ ಮಾನೊಟೈಪ್. ಭಾರತೀಯ ಲಿಪಿಗಳ ಅಚ್ಚನ್ನು ಯಂತ್ರಕ್ಕೆ ಹೊಂದಿಸುವುದು ಹೇಗೆ ಎಂಬುದು ಅಲ್ಲಿ ದಿನನಿತ್ಯದ ತಲೆನೋವು. ಖಡಕ್‌ವಾಸಲಾದಲ್ಲಿ ವಿಶ್ವೇಶ್ವರಯ್ಯನವರಿಗೆ ಆದದ್ದೇ ಇವರಿಗೂ ಆಯಿತು. ಸಂಬಳದ ಕೆಲಸ ಕೊಟ್ಟ ತೊಡಕನ್ನು ಮನೆಗೆ ಹೊತ್ತು ತಂದು ತಮ್ಮದಾಗಿಸಿಕೊಂಡರು.

ತೊಡಕು ಏನೆಂದು ಸ್ವಲ್ಪ ವಿವರಿಸಬೇಕು. ಕನ್ನಡದಲ್ಲಿ ಮೂಲಾಕ್ಷರ ಸುಮಾರು ಐವತ್ತಾದರೂ ಕಾಗುಣಿತ, ಒತ್ತಕ್ಷರ ಸೇರಿದರೆ ಆಕಾರಗಳು ಸಾವಿರಗಟ್ಟಲೆ. ಇಂಗ್ಲಿಷ್ ಕೀಲಿಮಣೆಯಲ್ಲಿ ಅಕ್ಷರದ ಕೀಲಿಗಳು ಇಪ್ಪತ್ತಾರು. ಹಳೆಯ ಬೆರಳಚ್ಚು ಯಂತ್ರದಲ್ಲಿ ತುಂಡು ತುಂಡಾದ ಆಕಾರಗಳನ್ನು ಒತ್ತಿ ಒತ್ತಿ ಅಕ್ಷರ ಕಟ್ಟಬೇಕಿತ್ತು. ರಾವ್ ಅವರು ಕಣ್ಣಿಗೆ ಕಾಣುವ ಆಕಾರವನ್ನು ಬಿಟ್ಟು ಕಿವಿಗೆ ಕೇಳುವ ಧ್ವನಿಯನ್ನು ಹಿಡಿದರು. ಕೆ ಕೀಲಿಗೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಕ ಆದ ಮೇಲೆ ಐ ಒತ್ತಿದರೆ ಅದು ಪ್ರತ್ಯೇಕ ಇ ಆಗದೆ ಕಿ ಆಗುತ್ತದೆ. ಆಕಾರ ಜೋಡಿಸುವ ಚಾಕರಿ ಗಣಕದ್ದು. ಒತ್ತಕ್ಷರ ಬೇಕಾದರೆ ನಡುವೆ ಎಫ್. ಕೆ, ಎನ್, ಎಫ್, ಎನ್, ಡಬ್ಲ್ಯು ಎಂದು ಐದು ಬಾರಿ ಒತ್ತಿದರೆ ‘ಕನ್ನಡ’ ಎಂದು ಮೂಡುತ್ತದೆ. ನಮ್ಮ ವ್ಯಾಕರಣದ ಸಂಧಿಯೇ ಕೀಲಿಮಣೆಗೆ ಇಳಿದ ಹಾಗೆ.

ಈ ವಿನ್ಯಾಸದ ಮೇಲೆ ಅವರು ಡಾಸ್ ಕಾಲದಲ್ಲಿ ಒಂದು ತಂತ್ರಾಂಶ ಮಾಡಿ, ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ನೆನಪಿಗೆ ‘ಸೇಡಿಯಾಪು’ ಎಂದೇ ಹೆಸರಿಟ್ಟು, ಹಣ ಕೇಳದೆ ಹಂಚಿದರು. ಕೀಲಿಮಣೆಯ ಮೇಲೂ ಹಕ್ಕು ಸಾಧಿಸಲಿಲ್ಲ. 2000ದ ಸುಮಾರಿಗೆ ಕರ್ನಾಟಕ ಸರ್ಕಾರ ಎಲ್ಲ ತಂತ್ರಾಂಶಗಳಿಗೂ ಒಂದೇ ಕೀಲಿಮಣೆ ಇರಲಿ ಎಂದು ತೀರ್ಮಾನಿಸಿದಾಗ ಆಧಾರವಾದದ್ದು ಇದೇ. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಲ್ಲಿ ಇರುವುದೂ ಇದೇ.

ಇವರಿಬ್ಬರೂ ನೌಕರಿಯಲ್ಲಿದ್ದುಕೊಂಡು ಹಂಬಲ ಸಾಕಿದವರು. ನೌಕರಿಯನ್ನೇ ಬಿಟ್ಟು ಹೊರಟವರು ಡಾ. ಯು.ಬಿ. ಪವನಜ. ಭಾಭಾ ಪರಮಾಣು ಸಂಶೋಧನಾ ಕೇಂದ್ರದ ವಿಜ್ಞಾನಿಯಾಗಿದ್ದಾಗಲೇ 1996ರಲ್ಲಿ ಅಂತರಜಾಲದಲ್ಲಿ ‘ವಿಶ್ವಕನ್ನಡ’ ಪತ್ರಿಕೆ ತೆರೆದರು. 1997ರಲ್ಲಿ ಕೇಂದ್ರದ ಕೆಲಸ ಬಿಟ್ಟು ಕನ್ನಡ ತಂತ್ರಾಂಶದ ಹಾದಿ ಹಿಡಿದರು. ಮಕ್ಕಳು ಕನ್ನಡದಲ್ಲೇ ಆದೇಶ ಕೊಟ್ಟು ಚಿತ್ರ ಬರೆಸುವ ಕನ್ನಡ ಲೋಗೋ ಅವರ ಕೃತಿ. ಪತ್ರಿಕೆಗಳಿಗೆ ಅಂಕಣ ಬರೆಯುವುದು, ಸಲಹೆ ಕೊಡುವುದು, ಜೊತೆಗೆ ತಂತ್ರಾಂಶ: ಸ್ವತಂತ್ರ ವೃತ್ತಿಯ ನಿಜವಾದ ರೂಪ ಇದು. ಒಂದು ಕೈಯಲ್ಲಿ ಹುಳು, ಒಂದು ಕೈಯಲ್ಲಿ ತೋಟ.

ಇನ್ನು ಒಂದು ಕಹಿಯ ಮಾತು. ತಂತ್ರಾಂಶ ಕಟ್ಟೆಯಂತಲ್ಲ. ಕಟ್ಟೆ ಒಮ್ಮೆ ಕಟ್ಟಿದರೆ ತಲೆಮಾರು ನಿಲ್ಲುತ್ತದೆ (ಅದಕ್ಕೂ ದುರಸ್ತಿ ಬೇಕು ಎನ್ನಿ). ತಂತ್ರಾಂಶ ನಿಂತ ನೆಲವೇ ಎರಡು ಮೂರು ವರ್ಷಕ್ಕೊಮ್ಮೆ ಜರುಗುತ್ತದೆ. ಡಾಸ್ ಹೋಗಿ ವಿಂಡೋಸ್ ಬಂತು. ಒಬ್ಬೊಬ್ಬ ತಯಾರಕರು ಒಂದೊಂದು ಅಕ್ಷರಕ್ಕೆ ತಮಗೆ ತೋಚಿದ ಸಂಖ್ಯೆ ಕೊಟ್ಟಿದ್ದರು. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ಕಲಸುಮೇಲೋಗರವಾಗುತ್ತಿತ್ತು. ಎಲ್ಲ ಭಾಷೆಗಳಿಗೂ ಒಂದೇ ಸಂಕೇತ ಕೊಡುವ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ, 1991ರಲ್ಲಿ, ಕನ್ನಡಕ್ಕೆ ಜಾಗ ಸಿಕ್ಕಿತ್ತು. ಆದರೆ ನಮ್ಮ ಕಚೇರಿ, ಅಚ್ಚುಕೂಟಗಳು ಅದಕ್ಕೆ ಹೊರಳಲು ಎಷ್ಟೋ ವರ್ಷ ಬೇಕಾಯಿತು. ಪ್ರತಿ ಹೊರಳಿನಲ್ಲೂ ತಂತ್ರಾಂಶ ಬರೆದವನು ಮತ್ತೆ ರಾತ್ರಿ ಕೂರಬೇಕು. ಹೊಸದನ್ನು ಕಟ್ಟುವ ಉಮೇದು ಆ ರಾತ್ರಿಗಳಿಗಿಲ್ಲ. ಹರಿದದ್ದಕ್ಕೆ ತೇಪೆ ಹಾಕುವ ಕೆಲಸ, ಕೃತಜ್ಞತೆಯಿಲ್ಲದ ಕೆಲಸ.

ಉಚಿತವಾಗಿದ್ದ ‘ಬರಹ’ಕ್ಕೆ ಹಲವು ವರ್ಷಗಳ ಬಳಿಕ ಬೆಲೆ ಇಟ್ಟಾಗ ಮುಖ ಸಿಂಡರಿಸಿದವರುಂಟು. ನನಗೆ ಅದರಲ್ಲಿ ತಪ್ಪು ಕಾಣುವುದಿಲ್ಲ. ಕೋಟ್ಯಂತರ ಜನ ಆಡುವ ಭಾಷೆ ಗಣಕದೊಳಗೆ ಹೋಗಲು ಕೆಲವರ ನಿದ್ದೆಯನ್ನು ನೆಚ್ಚಿಕೊಳ್ಳಬೇಕಾಯಿತು ಎನ್ನುವುದನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಅದು ಅವರ ಹೆಮ್ಮೆ ನಿಜ, ನಮ್ಮದಾಗಬೇಕಿಲ್ಲ. ವಿಶ್ವೇಶ್ವರಯ್ಯನವರ ಬೆನ್ನಿಗೆ ನಿವೃತ್ತಿವೇತನವಿತ್ತು, ಅವರ ವರದಿಗಳ ಬೆನ್ನಿಗೆ ಸಂಸ್ಥಾನಗಳ ಬೊಕ್ಕಸವಿತ್ತು. ಸ್ವತಂತ್ರವಾಗಿ ತಂತ್ರಾಂಶ ಬರೆಯುವವನಿಗೆ ಎರಡೂ ಇಲ್ಲ. ಅವನು ತನ್ನ ನಿವೃತ್ತಿವೇತನವನ್ನು ತಾನೇ ಸಂಪಾದಿಸಿಕೊಳ್ಳಬೇಕು: ಗಿರಾಕಿಯ ಕೆಲಸ ನಾಲ್ಕು ತಿಂಗಳು ಮಾಡಿ, ಒಂದು ತಿಂಗಳ ಗಂಟನ್ನು ತೋಟಕ್ಕೆಂದು ಎತ್ತಿಟ್ಟು, ಆ ತಿಂಗಳು ಬಂದಾಗ ಹೊಸ ಗಿರಾಕಿಗೆ ಇಲ್ಲ ಎನ್ನಬೇಕು. ಆ ‘ಇಲ್ಲ’ ಎನ್ನುವುದು ಕಷ್ಟ. ಮುಂದಿನ ಗಿರಾಕಿ ಬರುವುದೋ ಇಲ್ಲವೋ ಗೊತ್ತಿರುವುದಿಲ್ಲ. ಮನೆಯಲ್ಲಿ ಕೇಳುವವರಿರುತ್ತಾರೆ. ಹೀಗಾಗಿ ಎಷ್ಟೋ ಒಳ್ಳೆಯ ತಂತ್ರಾಂಶಗಳು ಮುಕ್ಕಾಲು ಪಾಲು ಮುಗಿದು ಯಾರದೋ ಹಳೆಯ ಗಣಕದಲ್ಲಿ ಮಲಗಿವೆ.

ನೀವು ಮುಂದಿನ ಬಾರಿ ಜಾತಿ ಪ್ರಮಾಣಪತ್ರಕ್ಕೋ ಇನ್ನಾವುದಕ್ಕೋ ಚಿಂತಾಮಣಿಯ ಅಥವಾ ಗೌರಿಬಿದನೂರಿನ ಸರ್ಕಾರಿ ಕಚೇರಿಗೆ ಹೋದಾಗ, ‘ನುಡಿ’ಯಲ್ಲಿ ಕನ್ನಡ ಬರೆಯುವ ಗುಮಾಸ್ತರು ಕಂಡರೆ ಅವರ ಬೆರಳುಗಳನ್ನು ಗಮನಿಸಿ. ‘ಚಿಕ್ಕಬಳ್ಳಾಪುರ’ ಎಂದು ಬರೆಯುವಾಗ ಎಡಗೈಯ ತೋರುಬೆರಳು ಎರಡು ಬಾರಿ ಎಫ್ ಕೀಲಿಯನ್ನು ಮುಟ್ಟುತ್ತದೆ: ಕ್ಕ ಒಂದು, ಳ್ಳ ಇನ್ನೊಂದು. ಕಿನ್ನಿಕಂಬಳದ ಒಬ್ಬರು ಎಂದೋ ಬಿಡುವಿನಲ್ಲಿ ಕುಳಿತು ಯೋಚಿಸಿದ್ದು ಅದು.